ಅಮ್ಮನ ಒಂದು ಗಂಟೆ, ಮೋಟರಿನ ಒಂದು ಗಂಟೆ

200 ಲೀಟರಿನ ನೀಲಿ ಡ್ರಮ್ಮು ತುಂಬಲು 2 ನಿಮಿಷ 40 ಸೆಕೆಂಡು ಹಿಡಿಯಿತು. ಚಿಂತಾಮಣಿ ಕಡೆಯ ಟೊಮೆಟೊ ತೋಟವೊಂದರಲ್ಲಿ, ಸ್ನಾತಕೋತ್ತರ ಪ್ರಬಂಧಕ್ಕೆಂದು ಬೋರು ಅಳೆಯುತ್ತಿದ್ದ ಹುಡುಗನ ಬಳಿ ಇದ್ದದ್ದು ಆ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚು, ಸ್ಟಾರ್ಟರ್ ಪೆಟ್ಟಿಗೆಯ ವೈರಿಗೆ ಕಚ್ಚಿಸುವ ಒಂದು ಮೀಟರು, ಅಷ್ಟೇ. ನೀರು 650 ಅಡಿ ಆಳದಲ್ಲಿ. 10 ಎಚ್‌ಪಿ ಮೋಟರು ಎಳೆಯುತ್ತಿದ್ದದ್ದು 8.2 ಕಿಲೋವ್ಯಾಟ್. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ನಿಜಕ್ಕೂ ಬೇಕಾದದ್ದು ಎರಡೂವರೆ ಕಿಲೋವ್ಯಾಟಿಗೂ ತುಸು ಕಡಿಮೆ. ನೂರರಲ್ಲಿ ಮೂವತ್ತು ನೀರಿಗೆ, ಎಪ್ಪತ್ತು ಬಿಸಿಗೆ, ಸವೆತಕ್ಕೆ.

ಮೋಟರನ್ನು ಮೂರು ಸಲ ರಿವೈಂಡ್ ಮಾಡಿಸಿದ್ದಾರೆ. ಪಂಪು ಕೊಂಡಾಗ ನೀರು 400 ಅಡಿಯಲ್ಲಿತ್ತಂತೆ. ಆ ಆಳಕ್ಕೆ ಹೊಂದುವ ಪಂಪು ಈಗ 650 ಅಡಿಯಿಂದ ಏದುಸಿರು ಬಿಡುತ್ತ ಎತ್ತುತ್ತಿದೆ. ಕರೆಂಟು ಬಂದ ಕೂಡಲೇ ಸುತ್ತಲಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುವ ಕಥೆ ಹಳ್ಳಿಯವರಿಗೆ ನಾನು ಹೇಳಬೇಕಿಲ್ಲ. 10 ಎಚ್‌ಪಿವರೆಗೆ 2008ರಿಂದ ಬಿಲ್ಲೇ ಇಲ್ಲದಿರುವಾಗ ಈ ಎಪ್ಪತ್ತರ ಚಿಂತೆ ಯಾರಿಗೆ? ರೈತನನ್ನು ಬೈಯುವುದು ಸುಲಭ. ಆದರೆ ಹೊಸ ಪಂಪಿನ ದುಡ್ಡು ಅವನ ಜೇಬಿನಿಂದ, ಉಳಿಯುವ ಕರೆಂಟು ಇನ್ಯಾರದೋ ಲೆಕ್ಕಕ್ಕೆ.

ನನ್ನ ತಲೆ ಕೆಟ್ಟದ್ದು ಮಾತ್ರ ಪಂಪಿನಿಂದಲ್ಲ, ಹುಡುಗನ ನೋಟ್‌ಬುಕ್ಕಿನ ಕೊನೆಯ ಪುಟದಿಂದ. ಬೆಳೆಯ ಶಕ್ತಿಲೆಕ್ಕ ಹಾಕುವವರು ಎಲ್ಲವನ್ನೂ ಮೆಗಾಜೂಲಿಗೆ ತರುತ್ತಾರೆ. ಅಮೆರಿಕದ ಡೇವಿಡ್ ಪಿಮೆಂಟೆಲ್ 1973ರಲ್ಲಿ ಮೆಕ್ಕೆಜೋಳದ ಲೆಕ್ಕ ಮಾಡಿ, ಹಾಕಿದ ಶಕ್ತಿಗೆ ಸಿಗುವ ಪ್ರತಿಫಲ 1945ರಲ್ಲಿ 3.7 ಪಟ್ಟು ಇದ್ದದ್ದು 1970ಕ್ಕೆ 2.8ಕ್ಕೆ ಇಳಿದಿದೆ ಎಂದಾಗ ದೊಡ್ಡ ಗದ್ದಲವಾಗಿತ್ತು. ನಮ್ಮಲ್ಲೂ ಅಂಥ ಅಧ್ಯಯನಗಳು ಎಪ್ಪತ್ತರ ದಶಕದಿಂದ ನಡೆದಿವೆ, ಅವುಗಳಿಗೊಂದು ಕೋಷ್ಟಕವೂ ರೂಢಿಯಲ್ಲಿದೆ. ಡೀಸೆಲ್ ಲೀಟರಿಗೆ 56.31. ಕರೆಂಟು ಯೂನಿಟ್ಟಿಗೆ 11.93. ಮಧ್ಯಮ ಗಾತ್ರದ ಎತ್ತಿನ ಜೋಡಿ ಗಂಟೆಗೆ 10.10. ಗಂಡಸು ಗಂಟೆಗೆ 1.96.

ಹೆಂಗಸು 1.57.

ಐದರಲ್ಲಿ ನಾಲ್ಕು ಪಾಲು! ಇದನ್ನು ಕಂಡಾಗಿನಿಂದ ನಾನು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದೇನೆ. ದಿನವಿಡೀ ಬಗ್ಗಿ ನಾಟಿ ಹಾಕುವ ಬೆನ್ನು, ಬದುವಿನ ಮೇಲೆ ಕೂತು ಬೀಡಿ ಸೇದುವ ಬೆನ್ನು, ಎರಡಕ್ಕೂ ಕೆಲಸ ನೋಡಿ ಅಂಕಿ ಹಾಕಿಲ್ಲ, ಆಳು ನೋಡಿ ಹಾಕಿದ್ದಾರೆ. ಸರಾಸರಿ ದೇಹಶಕ್ತಿಯ ಲೆಕ್ಕ ಸರ್, ಎಂದು ಹುಡುಗ ಸಮರ್ಥಿಸಿಕೊಂಡ. ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟುತ್ತಿದ್ದ ಅಮ್ಮನೊಬ್ಬರು ಸೊಂಟ ನೆಟ್ಟಗೆ ಮಾಡಿ ಕೇಳಿಸಿಕೊಂಡರು.

“ನಮ್ದು ಒಂದೂವರೆ, ಅವ್ರದ್ದು ಎರಡು ಅಂತಾನಾ? ಕೂಲೀಲೂ ಅಂಗೇ ಅಲ್ವೇನಪ್ಪಾ. ನಿಮ್ ಪುಸ್ತಕ ಬರ್ದೋರು ನಮ್ಮೂರೋರೇ ಇರ್ಬೇಕು.”

ಸಿಟ್ಟು ಇಳಿದ ಮೇಲೆ ಅದೇ ಕೋಷ್ಟಕ ಹಿಡಿದು ಲೆಕ್ಕ ಹಾಕಲು ಕೂತೆವು. ಆ ಮೋಟರು ಒಂದು ಗಂಟೆ ಓಡಿದರೆ ಸುಮಾರು 98 ಮೆಗಾಜೂಲ್. ಅಂದರೆ ಅಮ್ಮನ 62 ಗಂಟೆ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ 20.7 ಕಿಲೋ, ಕಿಲೋಗೆ 60.6ರಂತೆ ಹಿಡಿದರೆ 1,254. ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ ಅಮ್ಮನ ನೂರು ದಿನದ ಕೂಲಿ ಆ ಒಂದು ಚೀಲದೊಳಗೆ. 1.57ನ್ನು 1.96 ಮಾಡಿದರೂ ಒಟ್ಟು ಮೊತ್ತ ಅಲ್ಲಾಡುವುದಿಲ್ಲ. ನನ್ನ ಜಗಳ ಬಿಡಿಗಾಸಿನದು ಅಂತ ಗೊತ್ತಿದೆ, ಆದರೂ ಬಿಡಲಾರೆ.

ಇನ್ನೊಂದು ತಮಾಷೆ: ಭತ್ತಕ್ಕೆ ಕಿಲೋಗೆ 14.7 ಕೊಡುವ ಅದೇ ಕೋಷ್ಟಕ ಟೊಮೆಟೊಗೆ ಕೊಡುವುದು 0.8. ಹಣ್ಣಿನ ತುಂಬ ನೀರಲ್ಲವೇ? ಆದ್ದರಿಂದ ಮೆಗಾಜೂಲು ನೋಡಿ ಬೆಳೆ ಬದಲಿಸಿ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಒಂದೇ ತೋಟ, ಒಂದೇ ಬೆಳೆ, ಈ ವರ್ಷ ಮತ್ತು ಮುಂದಿನ ವರ್ಷ ಎಂದು ಹೋಲಿಸಲು ಅದು ಸಾಕು. ಈ ತೋಟದಲ್ಲಿ ಈಗಿನ ಆಳಕ್ಕೆ ತಕ್ಕ ಪಂಪು ಇಳಿಸಿ ಮೂವತ್ತನ್ನು ನಲವತ್ತೈದಕ್ಕೆ ಏರಿಸಿದರೆ, ಅಷ್ಟೇ ನೀರಿಗೆ ಕರೆಂಟು ಮೂರರಲ್ಲೊಂದು ಪಾಲು ಉಳಿಯುತ್ತದೆ.

ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಹೆಂಗಸರೆಲ್ಲ ಅಳತೆಯ ಡ್ರಮ್ಮಿನ ಸುತ್ತ ನಿಂತು, ಹಸಿರು ಕರೆ ಹಿಡಿದ ಕೈಗಳನ್ನು ಉಜ್ಜಿ ಉಜ್ಜಿ ತೊಳೆದರು. ಆ ಒಂದು ಡ್ರಮ್ಮು ನೀರು ಮೇಲೆ ಬರಲು ಅಮ್ಮನ ಮೂರು ಗಂಟೆಯಷ್ಟು ಖರ್ಚಾಗಿದೆ ಎಂದು ಹುಡುಗ ಹೇಳಿದ. “ಅಂಗಾದ್ರೆ ಸಾಯಂಕಾಲ ಮೂರು ಗಂಟೆ ಬೇಗ ಬಿಡಪ್ಪಾ,” ಎಂದು ಅವರು ಚೊಂಬು ಮುಳುಗಿಸಿದರು.