ವಲಸೆ ಅನುಮತಿ (ಭಾರತ)

ವಲಸೆ ಅನುಮತಿ ಎಂದರೆ, ಸಾಮಾನ್ಯವಾಗಿ ಹತ್ತನೆಯ ತರಗತಿ ತೇರ್ಗಡೆಯಾಗದ ಭಾರತೀಯರು ಗೊತ್ತುಪಡಿಸಿದ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ ಕೇಂದ್ರ ಸರ್ಕಾರದಿಂದ ಪಡೆಯಬೇಕಾದ ಒಪ್ಪಿಗೆ. 1922ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 1983ರ ವಲಸೆ ಕಾಯಿದೆಯು ಇದಕ್ಕೆ ಆಧಾರ. ಪಟ್ಟಿಯಲ್ಲಿ ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಮುಂತಾದವು ಸೇರಿವೆ. ಕರಾವಳಿ ಕರ್ನಾಟಕದ ಅನೇಕರು ದುಡಿಮೆಗೆ ಹೋಗುವುದು ಇವುಗಳಲ್ಲಿನ ಕೊಲ್ಲಿ ರಾಷ್ಟ್ರಗಳಿಗೇ.

ಅನುಮತಿಯ ಅಗತ್ಯವಿರುವವರ ಪಾಸ್‌ಪೋರ್ಟಿನಲ್ಲಿ ‘ಇ.ಸಿ.ಆರ್.’ ನಮೂದಿರುತ್ತದೆ. 50 ವರ್ಷ ಮೀರಿದವರಿಗೂ ಆದಾಯ ತೆರಿಗೆ ಪಾವತಿದಾರರಿಗೂ ವಿನಾಯಿತಿಯಿದೆ. ಅರ್ಜಿಯನ್ನು ಇ-ಮೈಗ್ರೇಟ್ ಜಾಲತಾಣದ ಮೂಲಕ ಸಲ್ಲಿಸಬೇಕು. ವಲಸಿಗರ ಸಂರಕ್ಷಕರೆಂಬ ಅಧಿಕಾರಿಯು ಉದ್ಯೋಗ ಒಪ್ಪಂದವನ್ನೂ ವೀಸಾವನ್ನೂ ಪರಿಶೀಲಿಸುತ್ತಾರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ ಅದರಿಂದ 10 ಲಕ್ಷ ರೂಪಾಯಿ ದೊರೆಯುತ್ತದೆ. ನೋಂದಾಯಿತ ನೇಮಕಾತಿ ಏಜೆಂಟರು ಕಾರ್ಮಿಕನಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚಿನ ಸೇವಾ ಶುಲ್ಕ ಪಡೆಯುವಂತಿಲ್ಲ.

ಪ್ರವಾಸಕ್ಕೆ ಈ ಅನುಮತಿ ಬೇಕಿಲ್ಲ. ದಲ್ಲಾಳಿಗಳು ದುರುಪಯೋಗಪಡಿಸಿಕೊಳ್ಳುವುದು ಇದನ್ನೇ: ‘ಅಲ್ಲಿ ಹೋದ ಮೇಲೆ ವೀಸಾ ಬದಲಿಸೋಣ’ ಎಂದು ನಂಬಿಸಿ ಸಂದರ್ಶಕ ವೀಸಾದಲ್ಲಿ ಕಳುಹಿಸುತ್ತಾರೆ. ಹಾಗೆ ಹೋದವನಿಗೆ ಪರಿಶೀಲಿತ ಒಪ್ಪಂದವೂ ಇಲ್ಲ, ವಿಮೆಯೂ ಇಲ್ಲ. ಅವಧಿ ಮುಗಿದರೆ ಅಕ್ರಮ ವಾಸಿಯೆಂಬ ಹಣೆಪಟ್ಟಿ ಬೇರೆ. ಸಂಬಳ ಸಿಗದಿದ್ದರೂ ದೂರು ನೀಡಲು ಅಂಜುವ ಸ್ಥಿತಿ ಹುಟ್ಟುವುದು ಹೀಗೆ. ಅನುಮತಿಯನ್ನು ಕೇವಲ ಕಚೇರಿಯ ಕಿರುಕುಳವೆಂದು ಭಾವಿಸುವವರು ಈ ಅಂಶವನ್ನು ಗಮನಿಸುವುದಿಲ್ಲ.

ಹೇಗೆಯೇ ಹೋಗಿದ್ದರೂ, ವಿದೇಶದಲ್ಲಿ ತೊಂದರೆಗೊಳಗಾದ ಭಾರತೀಯರು ಅಲ್ಲಿನ ರಾಯಭಾರ ಕಚೇರಿಗೆ ನೇರವಾಗಿ ಅಥವಾ 2015ರಲ್ಲಿ ಆರಂಭವಾದ ‘ಮದದ್’ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ಊರಿನಲ್ಲಿರುವ ಕುಟುಂಬದವರೂ ಅವರ ಪರವಾಗಿ ದೂರು ದಾಖಲಿಸಬಹುದು.