ಡ್ರೈವ್ ಬದಲಿಸುವುದೆಂದರೇನು?

ಗಣಕಯಂತ್ರವನ್ನು ಹೊಸದಾಗಿ ಬಳಸತೊಡಗಿದವರಿಗೆ ಒಂದು ಸಂಶಯ ಬರುವುದು ಸಹಜ. ಅದರಲ್ಲಿ ‘ಸಿ’ ಎಂಬ ಡ್ರೈವ್ ಇದೆ. ಅನೇಕ ಯಂತ್ರಗಳಲ್ಲಿ ‘ಡಿ’ಯೂ ಇದೆ. ಹಾಗಾದರೆ ‘ಎ’ ಮತ್ತು ‘ಬಿ’ ಎಲ್ಲಿ ಹೋದವು? ಮೂರನೆಯ ಅಕ್ಷರದಿಂದ ಅಕ್ಷರಾಭ್ಯಾಸ ಮಾಡಿಸುವ ಶಾಲೆಯನ್ನು ನಾವಾರೂ ಕಂಡಿಲ್ಲವಷ್ಟೆ.

ಅಮೆರಿಕದ ಗ್ಯಾರಿ ಕಿಲ್ಡಾಲ್ ಎಂಬವರು 1974ರಲ್ಲಿ ಚಿಕ್ಕ ಗಣಕಗಳಿಗಾಗಿ ಸಿಪಿ/ಎಂ ಎಂಬ ಕಾರ್ಯವ್ಯವಸ್ಥೆಯನ್ನು ರಚಿಸಿದರು. ಅದರಲ್ಲಿ ಫ್ಲಾಪಿಗಳನ್ನು ಓದುವ ಡ್ರೈವ್‌ಗಳಿಗೆ ಎ, ಬಿ ಎಂದು ಅಕ್ಷರಗಳೇ ಹೆಸರು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ ಡಾಸ್ ಸಹ ಇದೇ ಪದ್ಧತಿಯನ್ನು ಅನುಸರಿಸಿತು. ಅದರ ಮೊದಲ ಫ್ಲಾಪಿಗಳಲ್ಲಿ ಹಿಡಿಯುತ್ತಿದ್ದುದು 160 ಕಿಲೋಬೈಟ್, ಎಂದರೆ ಇಂಗ್ಲಿಷಿನಲ್ಲಿ ಬೆರಳಚ್ಚಿಸಿದ ಸುಮಾರು 80 ಪುಟ. 1983ರಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಹೊತ್ತ ಪಿಸಿ ಎಕ್ಸ್‌ಟಿ ಬಂದಾಗ ಮೊದಲೆರಡು ಅಕ್ಷರಗಳು ಫ್ಲಾಪಿಗಳಿಗೆ ಮೀಸಲಾಗಿದ್ದವು; ಹೊಸಬನಿಗೆ ಮೂರನೆಯದು ದೊರೆಯಿತು. ಫ್ಲಾಪಿಗಳು ಮರೆಯಾದರೂ ಅವುಗಳ ಪೀಠ ತೆರವಾಗಿಯೇ ಉಳಿದಿದೆ.

ಡಾಸ್‌ನಲ್ಲಿ ಪರದೆಯ ಮೇಲೆ ‘ಎ’ ಅಕ್ಷರವೂ ಅದರ ಮುಂದೆ ಬಾಣದ ಮೊನೆಯಂಥ ಗುರುತೂ ಕಾಣುತ್ತಿದ್ದವು. ಯಂತ್ರವು ಈಗ ಎ ಡ್ರೈವಿನಲ್ಲಿ ನಿಂತಿದೆಯೆಂದು ಅದರ ಅರ್ಥ. ‘ಬಿ’ ಎಂದು ಬೆರಳಚ್ಚಿಸಿ, ಪಕ್ಕದಲ್ಲಿ ಕೋಲನ್ ಎಂಬ ಎರಡು ಚುಕ್ಕೆಗಳನ್ನಿಟ್ಟು ಎಂಟರ್ ಒತ್ತಿದರೆ ಅದು ಬಿ ಡ್ರೈವಿಗೆ ದಾಟುತ್ತಿತ್ತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಈಗಲೂ ಹೀಗೆಯೇ. ಫೋಲ್ಡರ್ ಬದಲಿಸುವ ‘ಸಿಡಿ’ ಎಂಬ ಆಜ್ಞೆಯೊಂದರಿಂದಲೇ ಡ್ರೈವ್ ಬದಲಾಗದಿರುವುದು ಹೊಸಬರನ್ನು ಕಂಗೆಡಿಸುತ್ತದೆ. ಸಿಯಲ್ಲಿ ನಿಂತು ಡಿಯೊಳಗಿನ ಫೋಲ್ಡರನ್ನು ಹೆಸರಿಸಿದರೆ ಯಂತ್ರವು ಅದನ್ನು ಗುರುತು ಮಾಡಿಕೊಂಡು ತಾನು ಸಿಯಲ್ಲಿಯೇ ನಿಲ್ಲುತ್ತದೆ. ಡಿಗೆ ದಾಟಿದ ಮೇಲೆಯೇ ಆ ಫೋಲ್ಡರಿಗೆ ನಮ್ಮನ್ನು ಒಯ್ಯುವುದು.

ನಿಂತ ನೆಲ ಯಾವುದೆಂದು ನೋಡದೆ ಆಜ್ಞೆ ಕೊಡುವುದು ಅಪಾಯಕರ. ಡಾಸ್‌ನ ಆರಂಭದ ಆವೃತ್ತಿಗಳಲ್ಲಿ ಡ್ರೈವಿನ ಹೆಸರು ಬಿಟ್ಟು ‘ಫಾರ್ಮ್ಯಾಟ್’ ಎಂದಷ್ಟೇ ಹೇಳಿದರೆ, ಅದು ತಾನು ನಿಂತ ಡ್ರೈವನ್ನೇ ಒರಸಲು ಸಿದ್ಧವಾಗುತ್ತಿತ್ತು. ಇಂಥ ಅನಾಹುತ ತಪ್ಪಿಸಲು 5¼ ಅಂಗುಲದ ಫ್ಲಾಪಿಯ ಅಂಚಿನ ಕಚ್ಚನ್ನು ಅಂಟುಪಟ್ಟಿಯಿಂದ ಮುಚ್ಚುತ್ತಿದ್ದರು. ಮುಂದೆ ಬಂದ 3½ ಅಂಗುಲದ ಫ್ಲಾಪಿಯಲ್ಲಾದರೋ ಕಿಂಡಿ ತೆರೆದಿದ್ದರೇ ರಕ್ಷಣೆ! ಈ ವಿಪರೀತವನ್ನು ಮಾಡಿದವರು ಬಳಸುವವರ ನೆನಪನ್ನು ಅತಿಯಾಗಿ ನಂಬಿದ್ದರೆಂದು ತೋರುತ್ತದೆ.

ಶ್ರೋತೃಗಳು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು, ಅಕ್ಷರ ಬದಲಾದ ಮಾತ್ರಕ್ಕೆ ಡಿಸ್ಕ್ ಬದಲಾಯಿತೆಂದು ಅರ್ಥವಲ್ಲ. ಒಂದೇ ಫ್ಲಾಪಿ ಡ್ರೈವ್ ಇದ್ದ ಯಂತ್ರಕ್ಕೂ ಬಿ ಇತ್ತು. ಬಿಗೆ ದಾಟಬೇಕೆಂದರೆ, ‘ಬಿ ಡ್ರೈವಿನ ಫ್ಲಾಪಿಯನ್ನು ಹಾಕಿ ಯಾವುದಾದರೂ ಕೀಲಿಯನ್ನು ಒತ್ತಿ’ ಎಂದು ಡಾಸ್ ಕೇಳುತ್ತಿತ್ತು. ಒಂದೇ ಬಾಯಿಗೆ ಎರಡು ಹೆಸರು.

ಹೊನ್ನಾಳಿ ಸೀಮೆಯ ಗೋವಿನಕೋವಿಯಲ್ಲಿ ನನ್ನ ಪರಿಚಯದ ರೈತರೊಬ್ಬರಿದ್ದಾರೆ. ಅಡಿಕೆ ಭತ್ತಗಳ ಹತ್ತು ವರ್ಷದ ಲೆಕ್ಕ ಅವರ ಗಣಕದಲ್ಲಿದೆ. “ಸಿಯಲ್ಲೊಂದು ಪ್ರತಿ, ಡಿಯಲ್ಲೊಂದು ಪ್ರತಿ ಇಟ್ಟೀನಿ ಸ್ವಾಮಿ, ಇನ್ನೇನು ಭಯ?” ಎಂದರು. ನೋಡಿದರೆ ಯಂತ್ರದೊಳಗಿದ್ದುದು ಒಂದೇ ಡಿಸ್ಕ್. ಅದನ್ನೇ ಪಾಲು ಮಾಡಿ ಎರಡು ಅಕ್ಷರ ಕೊಟ್ಟಿದ್ದರು. ಒಂದೇ ಕಣಜದ ನಡುವೆ ಹಲಗೆ ನಿಲ್ಲಿಸಿದಂತೆ ಇದು. ವಿಂಡೋಸ್ ಕೆಟ್ಟು ಸಿಯನ್ನು ಮಾತ್ರ ಒರಸಿ ಮತ್ತೆ ತುಂಬಬೇಕಾದಾಗ ಈ ಹಲಗೆ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಡಿಸ್ಕೇ ಸತ್ತರೆ ಎರಡು ಪ್ರತಿಗಳೂ ಒಟ್ಟಿಗೆ ಹೋಗುತ್ತವೆ.

ಇದನ್ನು ತಿಳಿಯಲು ಬಿಚ್ಚಿ ನೋಡಬೇಕಾಗಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಸಾಲುಗಳಿರುತ್ತವೆ. ಸಿ, ಡಿ ಎರಡೂ ಒಂದೇ ಸಾಲಿನಲ್ಲಿದ್ದರೆ ಅವು ಒಂದೇ ಡಿಸ್ಕಿನ ಪಾಲುಗಳು. ಎರಡನೆಯ ಪ್ರತಿಯನ್ನು ಹೊರಗಿನ ಡಿಸ್ಕಿಗೋ ಪೆನ್ ಡ್ರೈವಿಗೋ ಹಾಕಿ, ಕಳಚಿ, ಸಾಧ್ಯವಾದರೆ ಬೇರೆ ಮನೆಯಲ್ಲಿಡಬೇಕು. ಪೆನ್ ಡ್ರೈವಿನ ಅಕ್ಷರವೂ ಸ್ಥಿರವಲ್ಲ. ಇಂದು ‘ಇ’ ಆಗಿದ್ದುದು, ಮತ್ತೊಂದು ಸಾಧನ ಮೊದಲೇ ಸೇರಿಕೊಂಡಿದ್ದರೆ, ನಾಳೆ ‘ಎಫ್’ ಆದೀತು. ಆದ್ದರಿಂದ ಅದಕ್ಕೆ ‘ಲೆಕ್ಕ’ ಎಂದೋ ಮತ್ತೇನೋ ಸ್ವಂತ ಹೆಸರು ಕೊಟ್ಟಿರಬೇಕು. ಪ್ರತಿ ಮಾಡುವ ಮೊದಲು, ಅದಕ್ಕಿಂತ ಹೆಚ್ಚಾಗಿ ಏನನ್ನಾದರೂ ಒರಸುವ ಮೊದಲು, ಅಕ್ಷರದ ಪಕ್ಕದಲ್ಲಿ ಆ ಹೆಸರು ಇದೆಯೇ ಎಂದು ಓದಿಕೊಳ್ಳಬೇಕು.