ಸಣ್ಣ ದೋಣಿಗೆ ತಕ್ಕ ತಂಗುದಾಣ

ಹಾಯಿದೋಣಿಯ ಮಾತು ಬಂದಾಗ ಅದು ಸಾಗುವ ಬಗೆಯನ್ನು ಕುರಿತು ನಾವು ಆಲೋಚಿಸುತ್ತೇವೆಯೇ ಹೊರತು ನಿಲ್ಲುವ ಬಗೆಯನ್ನು ಕುರಿತಲ್ಲ. 30–40 ಅಡಿ ಉದ್ದದ ದೋಣಿಯನ್ನೇ ಮನೆಯಾಗಿ ಮಾಡಿಕೊಂಡು, ಹೆಂಡಿರುಮಕ್ಕಳೊಡನೆ ತಿಂಗಳುಗಟ್ಟಲೆ ಕರಾವಳಿಗಳನ್ನು ಸುತ್ತುವ ಕುಟುಂಬಗಳು ಇಂದು ಅನೇಕ ದೇಶಗಳಲ್ಲಿವೆ. ಅಡಿಗೆಯ ಒಲೆ, ಮಲಗುವ ಹಲಗೆ, ಮಕ್ಕಳ ಪಾಠ ಎಲ್ಲವೂ ಅದರೊಳಗೇ. ಇಂತಹ ದೋಣಿಗೆ ಊರೂರಿನಲ್ಲಿ ಕಟ್ಟೆಯುಳ್ಳ ಬಂದರು ಎಲ್ಲಿಂದ ದೊರೆಯಬೇಕು? ಸಂಜೆಯಾದೊಡನೆ ಯಾವುದಾದರೊಂದು ಕೊಲ್ಲಿಯನ್ನು ಹೊಕ್ಕು ಲಂಗರು ಇಳಿಸಬೇಕಾಗುತ್ತದೆ. ಆ ಬಳಿಕ ಬೆಳಗಾಗುವವರೆಗೆ ಇಡೀ ಸಂಸಾರವು ಒಂದು ಕಬ್ಬಿಣದ ಕೊಕ್ಕೆಯನ್ನೂ ಒಂದು ಹಗ್ಗವನ್ನೂ ನಂಬಿ ಮಲಗುತ್ತದೆ. ಹೀಗಿರುವಾಗ ಆ ಕೊಲ್ಲಿಯನ್ನು ಆರಿಸುವ ಕೆಲಸವು ಮನೆಗೆ ನಿವೇಶನವನ್ನು ಆರಿಸುವ ಕೆಲಸಕ್ಕಿಂತ ಕಡಿಮೆಯದಲ್ಲವಷ್ಟೆ.

ಅರಿಯದವರು ಮೊದಲು ನೋಡುವುದು ಚೆಲುವನ್ನು: ಬೆಳ್ಳನೆಯ ಮರಳು, ತೆಂಗಿನ ಸಾಲು, ತಿಳಿನೀರು. ನಾವಿಕನು ಮೊದಲು ನೋಡುವುದು ಗಾಳಿಯನ್ನು. ಅದರಲ್ಲಿಯೂ ಅವನು ವಿಚಾರಿಸಬೇಕಾದುದು ಈಗ ಬೀಸುತ್ತಿರುವ ಗಾಳಿಯನ್ನಲ್ಲ, ನಡುರಾತ್ರಿಯಲ್ಲಿ ದಿಕ್ಕು ಬದಲಿಸಿ ಬೀಸಬಹುದಾದ ಗಾಳಿಯನ್ನು. ಈ ಒಂದು ಮಾತಿನಲ್ಲಿ ಅನುಭವಿಗಳೂ ಎಡವಿದ್ದುಂಟು.

ಮೆಕ್ಸಿಕೋ ದೇಶದ ಪಶ್ಚಿಮದಲ್ಲಿ ಬಾಹಾ ಕ್ಯಾಲಿಫೋರ್ನಿಯಾ ಎಂಬ ಉದ್ದನೆಯ ಪರ್ಯಾಯದ್ವೀಪವಿದೆ. ಅದರ ದಕ್ಷಿಣ ತುದಿಯ ಕಾಬೋ ಸಾನ್ ಲೂಕಾಸ್ ಎಂಬಲ್ಲಿಯ ಕೊಲ್ಲಿಯು ಬಹಳ ರಮ್ಯವಾದುದು. ಚಳಿಗಾಲದಲ್ಲಿ ಗಾಳಿಯು ಸಾಮಾನ್ಯವಾಗಿ ವಾಯವ್ಯದಿಂದ ಬೀಸುವುದರಿಂದ ನೆಲವೇ ಅಡ್ಡವಾಗಿ ನಿಂತು ಒಳಗಿನ ನೀರನ್ನು ಶಾಂತವಾಗಿಡುತ್ತದೆ. ಆದರೆ ಆಗ್ನೇಯಕ್ಕೆ ಅದು ಬಾಗಿಲಿಲ್ಲದ ಮನೆ. ಮೇಲಾಗಿ ಅಲ್ಲಿ ಕಡಲ ತಳವು ದಡದ ಸಮೀಪದಲ್ಲಿಯೇ ಕಡಿದಾಗಿ ಆಳಕ್ಕಿಳಿಯುವುದರಿಂದ ದೋಣಿಗಳು ಮರಳದಂಡೆಯ ಹತ್ತಿರವೇ, ಒಂದರ ಪಕ್ಕದಲ್ಲಿ ಒಂದು ಒತ್ತಾಗಿ ಲಂಗರು ಹಾಕಬೇಕು. 1982ರ ಡಿಸೆಂಬರ್ 8ರ ರಾತ್ರಿ ಗಾಳಿಯು ಆಗ್ನೇಯಕ್ಕೆ ತಿರುಗಿ ಬಿರುಗಾಳಿಯಾಯಿತು. ತೆರೆಗಳು ನೇರವಾಗಿ ಕೊಲ್ಲಿಯೊಳಕ್ಕೆ ನುಗ್ಗಿದುವು. ಒಂದು ದೋಣಿಯ ಲಂಗರು ಕಿತ್ತು ಅದು ಇನ್ನೊಂದರ ಮೇಲೆ ಬೀಳುವುದು, ಎರಡೂ ಸೇರಿ ಮೂರನೆಯದನ್ನು ಎಳೆದೊಯ್ಯುವುದು, ಹೀಗೆ ಬೆಳಗಾಗುವುದರೊಳಗೆ 25ಕ್ಕೂ ಹೆಚ್ಚು ದೋಣಿಗಳು ಮರಳಿನ ಮೇಲೆ ಬಿದ್ದಿದ್ದುವು.

ಅವುಗಳಲ್ಲಿ ಒಂದರ ಹೆಸರು ‘ಜೋಶುವಾ’. ಅದರ ಯಜಮಾನ ಫ್ರೆಂಚ್ ನಾವಿಕ ಬರ್ನಾರ್ ಮೊಯ್ತೆಸಿಯೆ. 1968–69ರಲ್ಲಿ ಒಬ್ಬಂಟಿಗನಾಗಿ ಭೂಪ್ರದಕ್ಷಿಣೆ ಮಾಡುವ ಪಂದ್ಯದಲ್ಲಿ ಹೊರಟು, ಬಹುಮಾನವನ್ನು ಬಿಟ್ಟುಕೊಟ್ಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಒಂದೂವರೆ ಸುತ್ತು ಸುತ್ತಿ ತಾಹಿತಿಯನ್ನು ಸೇರಿದ ಮಹಾನುಭಾವನು ಆತನು. ಆ ಯಾನದಲ್ಲಿ ದಕ್ಷಿಣ ಮಹಾಸಾಗರದ ತೆರೆಗಳನ್ನೆಲ್ಲ ತಾಳಿಕೊಂಡ ಅದೇ ಉಕ್ಕಿನ ದೋಣಿಯು ಈ ರಾತ್ರಿ ದಂಡೆಯ ಪಕ್ಕದಲ್ಲಿ ಕೆಟ್ಟಿತು. (ಬೇರೆಯವರು ಅದನ್ನು ದುರಸ್ತಿ ಮಾಡಿದರು, ಈಗ ಅದು ಫ್ರಾನ್ಸಿನ ಲಾ ರೋಶೆಲ್ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿದೆ.) ನಡುಗಡಲಲ್ಲಿ ದೋಣಿಗೆ ಓಡಿಹೋಗಲು ಸ್ಥಳವಿರುತ್ತದೆ, ಬೆನ್ನಿಗೆ ದಂಡೆಯಿದ್ದಾಗ ಇರುವುದಿಲ್ಲ. ಆದಕಾರಣ ಕತ್ತಲೆಯಲ್ಲಿಯೂ ಹಾಯಿ ಬಿಚ್ಚಿ ಹೊರಬೀಳಲು ಸರಳವಾದ ದಾರಿಯುಳ್ಳ ತಾಣವನ್ನೇ ನಾವು ಉಳಿದೆಲ್ಲ ಗುಣಗಳಿಗಿಂತ ಮೇಲೆಂದು ಎಣಿಸುತ್ತೇವೆ.

ಗಾಳಿಯ ಬಳಿಕ ತಳದ ವಿಚಾರ. ಹಳೆಯ ನಾವಿಕರು ಸೀಸದ ಗುಂಡನ್ನು ಹುರಿಗೆ ಕಟ್ಟಿ ಇಳಿಬಿಟ್ಟು ಆಳವನ್ನು ಮಾರುಗಳಲ್ಲಿ ಅಳೆಯುತ್ತಿದ್ದರು. ಗುಂಡಿನ ಬುಡದಲ್ಲಿ ಒಂದು ಗುಳಿ. ಅದಕ್ಕೆ ಕೊಬ್ಬನ್ನು ಮೆತ್ತುತ್ತಿದ್ದರು. ಮೇಲೆತ್ತಿದಾಗ ಅದಕ್ಕೆ ಅಂಟಿಕೊಂಡ ಕೆಸರೋ ಮರಳೋ ಚಿಪ್ಪಿನ ಚೂರೋ ತಳದ ಸಮಾಚಾರವನ್ನು ತಿಳಿಸುತ್ತಿತ್ತು. ಏನೂ ಅಂಟದಿದ್ದರೆ ಬಂಡೆಯೆಂದು ಅರ್ಥ. ಈಗ ಆಳವನ್ನು ಯಂತ್ರವೇ ಹೇಳುತ್ತದೆ. ಕೊಬ್ಬಿನಷ್ಟು ಪ್ರಾಮಾಣಿಕವಾಗಿ ತಳವನ್ನು ತೋರಿಸುವುದೇ ಎಂಬುದು ನಮಗೆ ಸಂದೇಹ. ಗಟ್ಟಿ ಕೆಸರಿನಲ್ಲಿಯೂ ಬಿಗಿಯಾದ ಮರಳಿನಲ್ಲಿಯೂ ಲಂಗರು ಚೆನ್ನಾಗಿ ಕಚ್ಚುತ್ತದೆ. ಕಡಲಹುಲ್ಲಿನ ಮೇಲೆ ಅದು ಜಾರಿಹೋಗುವುದುಂಟು, ಹುಲ್ಲಿಗೂ ಕೇಡು. ಸ್ಪೇನಿಗೆ ಸೇರಿದ ಬಾಲಿಯಾರಿಕ್ ದ್ವೀಪಗಳಲ್ಲಿ ಇಂತಹ ಹುಲ್ಲುಗಾವಲಿನ ಮೇಲೆ ಲಂಗರು ಇಳಿಸುವುದನ್ನು 2018ರಲ್ಲಿ ಶಾಸನದಿಂದಲೇ ನಿಷೇಧಿಸಿದ್ದಾರೆ. ಇನ್ನು ಬಂಡೆಗಳ ನಡುವೆ ಇಳಿದ ಲಂಗರು ಒಂದೋ ಹಿಡಿಯುವುದಿಲ್ಲ, ಅಥವಾ ಹಿಡಿದುದನ್ನು ಬಿಡುವುದಿಲ್ಲ.

ಲಂಗರು ತನ್ನ ಭಾರದಿಂದ ದೋಣಿಯನ್ನು ನಿಲ್ಲಿಸುತ್ತದೆಂದು ಬಹು ಜನರ ನಂಬಿಕೆ. ಹಾಗಲ್ಲ; ಅದು ನೇಗಿಲಿನಂತೆ ನೆಲವನ್ನು ಕಚ್ಚಬೇಕು. ಇಂಗ್ಲೆಂಡಿನ ಭೌತವಿಜ್ಞಾನಿ ಜಿ. ಐ. ಟೇಲರರು 1933ರಲ್ಲಿ ನೇಗಿಲಿನ ಗುಳದ ಆಕಾರದಲ್ಲಿಯೇ ಒಂದು ಲಂಗರನ್ನು ನಿರ್ಮಿಸಿದರು. ಸಣ್ಣ ದೋಣಿಗಳವರು ಅದನ್ನು ಬಹುಕಾಲ ಮೆಚ್ಚಿ ಬಳಸಿದರು. ಮೇಣಿಯನ್ನೆತ್ತಿದರೆ ಉಳುಮೆ ಕೆಡುವಂತೆ, ಹಗ್ಗವು ಮೇಲ್ಮುಖವಾಗಿ ಎಳೆದರೆ ಲಂಗರು ಕಿತ್ತುಬರುತ್ತದೆ. ಎಳೆತವು ನೆಲಕ್ಕೆ ಸಮನಾಗಿರಬೇಕಾದರೆ ಹಗ್ಗವನ್ನು ಧಾರಾಳವಾಗಿ ಬಿಡಬೇಕು. ಇಳಿತದಲ್ಲಿ ನೀರು 12 ಅಡಿ, ಭರತದಲ್ಲಿ ಇನ್ನೂ 6 ಅಡಿ ಏರುವುದು, ದೋಣಿಯ ಮೂತಿ ನೀರಿನಿಂದ 3 ಅಡಿ ಎತ್ತರವೆಂದು ಇಟ್ಟುಕೊಳ್ಳೋಣ. ಒಟ್ಟು 21 ಅಡಿಯಾಯಿತು. ಬರಿಯ ಹಗ್ಗವಾದರೆ ಅದರ ಏಳರಷ್ಟು, ಎಂದರೆ 147 ಅಡಿ; ಭಾರವಾದ ಸರಪಳಿಯಾದರೆ ಐದರಷ್ಟು, 105 ಅಡಿ ಬಿಡುವುದು ವಾಡಿಕೆ. ಗಾಳಿ ತಿರುಗಿದಾಗಲೆಲ್ಲ ದೋಣಿಯು ಗೂಟಕ್ಕೆ ಕಟ್ಟಿದ ಹಸುವಿನಂತೆ ಅಷ್ಟು ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಆ ವೃತ್ತದೊಳಗೆ ಬಂಡೆಯಾಗಲಿ ನೆರೆಯ ದೋಣಿಯಾಗಲಿ ಇರಕೂಡದು. ನೀರು ಆಳವಾದಷ್ಟೂ ವೃತ್ತವು ದೊಡ್ಡದಾಗುವುದರಿಂದ ಎರಡು ಮೂರು ಮಾರು ಆಳದ ನೀರೇ ಸಣ್ಣ ದೋಣಿಗೆ ಹಿತ.

ತೆರೆಯುಬ್ಬರದ ಮಾತನ್ನೂ ಮರೆಯಲಾಗದು. ಗಾಳಿಯಿಂದ ಪೂರ್ಣ ರಕ್ಷಣೆಯಿದ್ದರೂ ಹೊರಗಡಲಿನ ಉಬ್ಬು ಭೂಶಿರವನ್ನು ಬಳಸಿ ಒಳಬಂದು ದೋಣಿಯ ಪಕ್ಕಕ್ಕೆ ತಾಗಿದರೆ ರಾತ್ರಿಯೆಲ್ಲ ತೊಟ್ಟಿಲಾಟ. ಒಲೆಯ ಮೇಲೆ ಪಾತ್ರೆ ನಿಲ್ಲುವುದಿಲ್ಲ, ಮಕ್ಕಳು ಮಲಗುವುದಿಲ್ಲ. ಅಪಾಯವಿಲ್ಲವೆಂದು ಯಜಮಾನನು ಎಷ್ಟು ಹೇಳಿದರೂ ಅಂತಹ ತಾಣದಲ್ಲಿ ಗೃಹಿಣಿಯು ಎರಡನೆಯ ರಾತ್ರಿ ಉಳಿಯಲೊಪ್ಪುವುದಿಲ್ಲ, ಅದು ನ್ಯಾಯವೇ.

ನಮ್ಮ ಕರಾವಳಿಯಲ್ಲಿ ಈ ಲಕ್ಷಣಗಳನ್ನೆಲ್ಲ ಒಂದೆಡೆ ಕಾಣಬೇಕೆಂದರೆ ಕಾರವಾರಕ್ಕೆ ಹೋಗಬೇಕು. ತರುಣ ರವೀಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಅಲ್ಲಿದ್ದು ಆ ಕಡಲತೀರದ ಚೆಲುವಿಗೆ ಮನಸೋತರು. ನಾವಿಕನು ಮನಸೋಲುವುದು ದಕ್ಷಿಣದ ಗುಡ್ಡದ ಮರೆಯಲ್ಲಿರುವ ಬೈತಖೋಲಕ್ಕೆ. ನೈಋತ್ಯದ ಗಾಳಿಗೆ ಗುಡ್ಡವೇ ಗೋಡೆ. ಪಶ್ಚಿಮದಲ್ಲಿ ದೀಪಸ್ತಂಭವುಳ್ಳ ದೇವಗಡ ಮೊದಲಾದ ದ್ವೀಪಗಳು ತೆರೆಗಳ ರಭಸವನ್ನು ಮುರಿಯುತ್ತವೆ. 2019ರ ಅಕ್ಟೋಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ‘ಕ್ಯಾರ್’ ಎಂಬ ಚಂಡಮಾರುತವೆದ್ದಾಗ ಮೀನುಗಾರರ ದೋಣಿಗಳು ಅನೇಕ ಕಡೆಗಳಿಂದ ಬಂದು ಕಾರವಾರದ ಬಂದರನ್ನು ಮರೆಹೊಕ್ಕುವು.

ಗೋಕರ್ಣದ ಓಂ ತೀರವನ್ನು ಇದರೊಡನೆ ಹೋಲಿಸಿ ನೋಡಿರಿ. ಚೆಲುವಿನಲ್ಲಿ ಕಡಿಮೆಯೇನಿಲ್ಲ, ಆದರೆ ತೆರೆದ ಕಡಲಿಗೆ ಮುಖಮಾಡಿ ಬಂಡೆಗಳ ನಡುವೆ ಇದೆ. ಡಿಸೆಂಬರಿನ ಮುಂಜಾನೆ, ಭೂಗಾಳಿ ಮೆಲ್ಲನೆ ಹೊರಕ್ಕೆ ಬೀಸುತ್ತಿರುವಾಗ, ಅಲ್ಲಿ ಲಂಗರು ಹಾಕಿ ಊಟ ಮುಗಿಸಬಹುದು. ಜೂನಿನಲ್ಲಿ ಅದರ ಹತ್ತಿರ ಸುಳಿಯಲಾಗದು. ತದಡಿಯ ಬಳಿಯ ಅಘನಾಶಿನಿಯ ಅಳಿವೆಯದು ಬೇರೊಂದು ಬಗೆ: ಒಳಗೆ ಹೊಕ್ಕರೆ ಕೆರೆಯಂತಹ ನೀರು, ಆದರೆ ಬಾಯಲ್ಲಿ ಮರಳದಿಬ್ಬ. ಇಳಿತದ ಸೆಳೆತವು ಹೊರಗಿನ ತೆರೆಗೆ ಎದುರಾದಾಗ ಅಲ್ಲಿ ಅಲೆಗಳು ಒಡೆಯುತ್ತವೆ. ಭರತ ಬರುವವರೆಗೆ ಕಾಯುವ ತಾಳ್ಮೆಯಿಲ್ಲದವನಿಗೆ ಅದು ತಕ್ಕುದಲ್ಲ. ಈ ಮರ್ಮವನ್ನು ನಮ್ಮ ಕರಾವಳಿಯವರು ಚೆನ್ನಾಗಿ ಬಲ್ಲರು. ಮುಂಗಾರಿಗೆ ಮುನ್ನ ದೋಣಿಗಳನ್ನು ದಡಕ್ಕೆಳೆದು ಮಡಲಿನ ಚಪ್ಪರದಡಿ ಇಟ್ಟು, ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ನೀರಿಗಿಳಿಸುವ ಪದ್ಧತಿಯು ಹಿಂದಿನಿಂದ ನಡೆದುಬಂದುದು.

ಕಾರವಾರಕ್ಕೆ ದಕ್ಷಿಣದಲ್ಲಿ ಅಂಜದೀವ ದ್ವೀಪವಿದೆ. 1498ರಲ್ಲಿ ವಾಸ್ಕೋ ಡ ಗಾಮನು ಹಿಂದಿರುಗುವಾಗ ಅಲ್ಲಿ ನಿಂತು ಸಿಹಿನೀರು ತುಂಬಿಸಿಕೊಂಡನು. ಹಡಗಿಗೆ ಸುಖವಾದ ಆ ತಾಣವು ಮನುಷ್ಯರಿಗೆ ಸುಖವಾಗಲಿಲ್ಲ. ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರನ್ನು ಪೋರ್ತುಗೀಸರು ಒಳಬಿಡದೆ ಹೋಗಲು, ಅವರು ಈ ದ್ವೀಪದಲ್ಲಿ ಕಾಯುತ್ತ ಕುಳಿತರು. ಎರಡು ವರ್ಷಗಳಲ್ಲಿ ನೂರಾರು ಜನರೂ ಅವರ ನಾಯಕ ಸರ್ ಅಬ್ರಹಾಂ ಶಿಪ್‌ಮನ್ನನೂ ಕಾಯಿಲೆಯಿಂದ ಅಲ್ಲಿಯೇ ಮಡಿದರು. ಈಗ ಆ ದ್ವೀಪವು ನೌಕಾಪಡೆಯ ನೆಲೆಗೆ ಸೇರಿದ್ದು, ವಿಹಾರದ ದೋಣಿಗಳಿಗೆ ಪ್ರವೇಶವಿಲ್ಲ.

ತಾಣವನ್ನು ಆರಿಸಿ ಲಂಗರು ಇಳಿಸಿದ ಮೇಲೆ ಇನ್ನೊಂದು ಕೆಲಸವುಂಟು. ದಡದಲ್ಲಿ ಒಂದರ ಹಿಂದೊಂದು ನೇರವಾಗಿ ಕಾಣುವ ಎರಡು ಗುರುತುಗಳನ್ನು, ಒಂದು ಗುಡಿಯ ದೀಪವನ್ನೂ ಅದರ ಹಿಂದಿನ ಬೆಟ್ಟದ ತುದಿಯನ್ನೂ, ನೋಡಿಟ್ಟುಕೊಳ್ಳಬೇಕು. ಗಾಳಿಯ ದಿಕ್ಕು ಬದಲಾಗದೆ ಆ ಎರಡು ಗುರುತುಗಳು ಬೇರ್ಪಟ್ಟರೆ ಲಂಗರು ಜಾರುತ್ತಿದೆಯೆಂದು ತಿಳಿಯಬೇಕು. ಇದಕ್ಕೆಲ್ಲ ಹಗಲು ಬೇಕು. ಆದುದರಿಂದ ಸೂರ್ಯಾಸ್ತಕ್ಕೆ ಎರಡು ಗಂಟೆ ಮುಂಚಿತವಾಗಿ ಕೊಲ್ಲಿಯನ್ನು ಸೇರುವುದು ಒಳ್ಳೆಯದು. ತಡವಾಗಿ ಬಂದು, ಕತ್ತಲೆಯಲ್ಲಿ ಅಪರಿಚಿತವಾದ ಕೊಲ್ಲಿಯ ಬಾಯನ್ನು ಕಂಡವನು, ಒಳಗೆ ದೀಪಗಳು ಎಷ್ಟು ಕರೆದರೂ, ಹಾಯಿಯನ್ನು ಕಿರಿದುಮಾಡಿ, ದಡದಿಂದ ದೂರಕ್ಕೆ ಸರಿದು, ಸರದಿಯ ಮೇಲೆ ಎಚ್ಚರವಿದ್ದು ಬೆಳಗನ್ನು ಕಾಯತಕ್ಕದ್ದು.